ಕರ್ನಾಟಕದಲ್ಲಿ ನವೀಕರಿಸಬಹುದಾದ ಇಂಧನ

ಕರ್ನಾಟಕದಲ್ಲಿ ನವೀಕರಿಸಬಹುದಾದ ಇಂಧನ ಎಂದರೆ ರಾಜ್ಯದಲ್ಲಿ ನೀರು, ಗಾಳಿ, ಬಿಸಿಲು ಮತ್ತು ಜೈವಿಕ ವಸ್ತುಗಳಂತಹ ಮುಗಿದುಹೋಗದ ಮೂಲಗಳಿಂದ ಉತ್ಪಾದಿಸುವ ಶಕ್ತಿ. ಸ್ವಂತ ಕಲ್ಲಿದ್ದಲು ಗಣಿಗಳಿಲ್ಲದ ಈ ರಾಜ್ಯವು ಆರಂಭದಿಂದಲೂ ಇಂತಹ ಮೂಲಗಳನ್ನು ಅವಲಂಬಿಸುತ್ತ ಬಂದಿದೆ. 2018ರಲ್ಲಿ ಇದು ತಮಿಳುನಾಡನ್ನು ಹಿಂದಿಕ್ಕಿ, ನವೀಕರಿಸಬಹುದಾದ ಇಂಧನದ ಸ್ಥಾಪಿತ ಸಾಮರ್ಥ್ಯದಲ್ಲಿ ದೇಶದ ಮೊದಲ ರಾಜ್ಯವಾಯಿತು. ಉತ್ಪಾದನೆಯ ಹೆಚ್ಚಳವು ಯಂತ್ರಗಳ ಸ್ಥಾಪನೆಯನ್ನಷ್ಟೇ ಅಲ್ಲದೆ ಭೂಮಿ, ಪ್ರಸರಣ ಮಾರ್ಗ, ಶೇಖರಣೆ ಮತ್ತು ಬಳಕೆಯ ಸಮಯವನ್ನೂ ಅವಲಂಬಿಸಿದೆ ಎಂಬುದಕ್ಕೆ ಕರ್ನಾಟಕದ ಅನುಭವ ಉತ್ತಮ ನಿದರ್ಶನವಾಗಿದೆ.

ಜಲವಿದ್ಯುತ್

ಮೈಸೂರು ಸಂಸ್ಥಾನದ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರದ ಜಲವಿದ್ಯುತ್ ಕೇಂದ್ರವು 1902ರಲ್ಲಿ ಕಾರ್ಯಾರಂಭ ಮಾಡಿತು. ಅಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಪೂರೈಸಲಾಯಿತು. 1905ರಲ್ಲಿ ಬೆಂಗಳೂರಿಗೂ ವಿದ್ಯುದ್ದೀಪ ಬಂದಿತು. ಜೋಗದ ವಿದ್ಯುದಾಗಾರವು 1948ರಲ್ಲಿ ಆರಂಭವಾಯಿತು. ಮುಂದೆ ಲಿಂಗನಮಕ್ಕಿ ಜಲಾಶಯವನ್ನು ಆಧರಿಸಿದ 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ಕೇಂದ್ರ ನಿರ್ಮಾಣವಾಯಿತು. ಈ ಜಲಾಶಯದಲ್ಲಿ ನೆಲೆ ಕಳೆದುಕೊಂಡ ಕುಟುಂಬಗಳ ಭೂ ಹಕ್ಕಿನ ಪ್ರಶ್ನೆ ಆರು ದಶಕಗಳ ನಂತರವೂ ಪೂರ್ಣವಾಗಿ ಬಗೆಹರಿದಿಲ್ಲ.

ಜಲವಿದ್ಯುತ್ತು ಮಳೆಯನ್ನು ಅವಲಂಬಿಸಿದೆ. 2023ರಲ್ಲಿ ಮುಂಗಾರು ಕೈಕೊಟ್ಟಾಗ ಒಂದೆಡೆ ಜಲಾಶಯಗಳು ತುಂಬಲಿಲ್ಲ, ಇನ್ನೊಂದೆಡೆ ಬೆಳೆ ಉಳಿಸಿಕೊಳ್ಳಲು ರೈತರು ಕೊಳವೆಬಾವಿಗಳ ಪಂಪ್‌ಸೆಟ್‌ಗಳನ್ನು ಹೆಚ್ಚಾಗಿ ಬಳಸಿದರು. ಪೂರೈಕೆ ಕುಗ್ಗಿ ಬೇಡಿಕೆ ಏರಿದ್ದರಿಂದ ವಿದ್ಯುತ್ ಅಭಾವ ಉಂಟಾಯಿತು.

ಪವನ ವಿದ್ಯುತ್

ಚಿತ್ರದುರ್ಗ, ಗದಗ, ಹಾವೇರಿ, ದಾವಣಗೆರೆ, ಕೊಪ್ಪಳ, ಬೆಳಗಾವಿ ಮತ್ತು ವಿಜಯಪುರ ಜಿಲ್ಲೆಗಳು ಪವನ ವಿದ್ಯುತ್ತಿಗೆ ಅನುಕೂಲಕರವಾಗಿವೆ. ಹಾವೇರಿ ಜಿಲ್ಲೆಯ ಗುಡ್ಡಸಾಲುಗಳಲ್ಲಿಯೂ ಗಾಳಿಯಂತ್ರಗಳನ್ನು ಸ್ಥಾಪಿಸಲಾಗಿದೆ. ನೈಋತ್ಯ ಮಾರುತಗಳು ಬೀಸುವ ತಿಂಗಳುಗಳಲ್ಲಿ ಗಾಳಿಯ ವೇಗ ಹೆಚ್ಚಾಗಿರುತ್ತದೆ. ಮೋಡಗಳಿಂದ ಸೌರ ವಿದ್ಯುತ್ ಕುಸಿಯುವುದೂ ಇದೇ ಅವಧಿಯಲ್ಲಿ. ಆದ್ದರಿಂದ ಇವೆರಡು ಮೂಲಗಳು ಒಂದಕ್ಕೊಂದು ಪೂರಕವಾಗಿವೆ. ಗಾಳಿಯಂತ್ರದ ಅಡಿಪಾಯಕ್ಕೆ ಅಲ್ಪ ಜಾಗ ಸಾಕು. ಸುತ್ತಲಿನ ಹೊಲದಲ್ಲಿ ಬೇಸಾಯ ಮುಂದುವರಿಸಬಹುದು.

ಆದರೆ ಉತ್ತಮ ಗಾಳಿಯ ಸ್ಥಳಗಳು ಎಷ್ಟೋ ಕಡೆ ಅರಣ್ಯ ಅಥವಾ ಹುಲ್ಲುಗಾವಲುಗಳಾಗಿವೆ. ಗದಗ ಜಿಲ್ಲೆಯ ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಹಿಂದೆ ಕಾಣಸಿಗುತ್ತಿದ್ದ ಎರ್ಲಡ್ಡು ಹಕ್ಕಿ ಈಗ ಅಳಿವಿನಂಚಿನಲ್ಲಿದೆ. ಭಾರವಾದ ದೇಹದ ಈ ಹಕ್ಕಿಗೆ ಎತ್ತರದ ವಿದ್ಯುತ್ ತಂತಿಗಳು ದೊಡ್ಡ ಅಪಾಯ.

ಸೌರ ವಿದ್ಯುತ್

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೌರ ಉದ್ಯಾನವು ರಾಜ್ಯದ ಅತಿ ದೊಡ್ಡ ಸೌರ ಯೋಜನೆ. ತಿರುಮಣಿ, ವಳ್ಳೂರು ಮೊದಲಾದ ಗ್ರಾಮಗಳ ಸುಮಾರು 13,000 ಎಕರೆ ಪ್ರದೇಶದಲ್ಲಿರುವ ಇದರ ಮೊದಲ ಹಂತವು 2018ರಲ್ಲಿ ಉದ್ಘಾಟನೆಗೊಂಡಿತು. 2019ರ ಕೊನೆಯ ವೇಳೆಗೆ ಇದರ ಸಾಮರ್ಥ್ಯ 2,050 ಮೆಗಾವಾಟ್ ತಲುಪಿತು.

ಇಲ್ಲಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಹಾಗೂ ಎರಡು ವರ್ಷಗಳಿಗೊಮ್ಮೆ ಶೇ. 5ರಷ್ಟು ಹೆಚ್ಚಳವನ್ನು ನಿಗದಿಪಡಿಸಲಾಯಿತು. ಮತ್ತೆ ಮತ್ತೆ ಬರಕ್ಕೆ ತುತ್ತಾಗುವ ಈ ತಾಲ್ಲೂಕಿನಲ್ಲಿ ಭೂಮಾಲೀಕರಿಗೆ ಮಳೆಯನ್ನು ನೆಚ್ಚದ ಆದಾಯ ದೊರೆಯಿತು. ಭೂಮಿಯ ಒಡೆತನವೂ ಅವರಲ್ಲೇ ಉಳಿಯಿತು. ಆದರೆ ಬಾಡಿಗೆ ದೊರೆಯುವುದು ಭೂಮಿಯುಳ್ಳವರಿಗೆ ಮಾತ್ರ. ಹೊಲಗಳಲ್ಲಿ ದುಡಿಯುತ್ತಿದ್ದ ಕೃಷಿ ಕಾರ್ಮಿಕರು ಕೆಲಸವನ್ನೂ ಕುರಿಗಾಹಿಗಳು ಮೇವಿನ ನೆಲವನ್ನೂ ಕಳೆದುಕೊಂಡರೆಂಬುದು ಈ ಯೋಜನೆಯ ಕುರಿತ ಪ್ರಮುಖ ಟೀಕೆ.

ಕೃಷಿ ಮತ್ತು ಮನೆಬಳಕೆ

ಕೃಷಿ ಪಂಪ್‌ಸೆಟ್‌ಗಳು ರಾಜ್ಯದ ವಿದ್ಯುತ್ತಿನ ಬಹುದೊಡ್ಡ ಪಾಲನ್ನು ಬಳಸುತ್ತವೆ. ರಾತ್ರಿ ಪಾಳಿಯಲ್ಲಿ ವಿದ್ಯುತ್ ಬಂದರೆ ರೈತರು ಕತ್ತಲೆಯಲ್ಲಿ, ಹಾವು ಚೇಳುಗಳ ಭಯದ ನಡುವೆ ನೀರು ಹಾಯಿಸಬೇಕಾಗುತ್ತದೆ. ಹಗಲಿನ ಸೌರ ವಿದ್ಯುತ್ತನ್ನು ಹಗಲಿನಲ್ಲಿಯೇ ಪಂಪ್‌ಸೆಟ್‌ಗಳಿಗೆ ಒದಗಿಸಿದರೆ ಈ ತೊಂದರೆ ತಪ್ಪುತ್ತದೆ ಮತ್ತು ಶೇಖರಣೆಯ ವೆಚ್ಚ ಉಳಿಯುತ್ತದೆ. 2019ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಪಿಎಂ-ಕುಸುಮ್ ಯೋಜನೆಯಲ್ಲಿ ಸೌರ ಪಂಪ್‌ಗಳಿಗೆ ಸಹಾಯಧನ ನೀಡುವುದರ ಜೊತೆಗೆ, ಕೃಷಿ ಫೀಡರ್‌ಗಳಿಗೆ ಸೌರ ಘಟಕಗಳಿಂದ ವಿದ್ಯುತ್ ಪೂರೈಸುವ ಅವಕಾಶವೂ ಇದೆ. ನೀರೆತ್ತುವ ಖರ್ಚು ಇಲ್ಲವಾದಾಗ ಅಂತರ್ಜಲದ ಅತಿಬಳಕೆಯ ಅಪಾಯವಿರುವುದರಿಂದ ಹನಿ ನೀರಾವರಿಯಂತಹ ಕ್ರಮಗಳೂ ಅಗತ್ಯ.

2024ರಲ್ಲಿ ಪ್ರಾರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಡಿ ಮನೆಯ ಮೇಲ್ಛಾವಣಿಯಲ್ಲಿ 3 ಕಿಲೋವಾಟ್ ಘಟಕ ಅಳವಡಿಸಲು 78,000 ರೂಪಾಯಿವರೆಗೆ ಸಹಾಯಧನ ದೊರೆಯುತ್ತದೆ. ಮೇಲ್ಛಾವಣಿ ಘಟಕಗಳಿಗೆ ಪ್ರತ್ಯೇಕ ಭೂಮಿ ಬೇಕಾಗುವುದಿಲ್ಲ.

ಪ್ರಸರಣ ಮತ್ತು ಶೇಖರಣೆ

ಉತ್ಪಾದನೆಯಾದ ವಿದ್ಯುತ್ತನ್ನು ಸಾಗಿಸಲು ಮಾರ್ಗ ಹಾಗೂ ಉಪಕೇಂದ್ರಗಳಿಲ್ಲದಿದ್ದರೆ ಘಟಕಗಳ ಉತ್ಪಾದನೆಯನ್ನು ಕಡಿತಗೊಳಿಸಬೇಕಾಗುತ್ತದೆ. ಬೇಡಿಕೆ ಏರುವ ಸಂಜೆಯ ವೇಳೆಗೆ ಸೌರ ವಿದ್ಯುತ್ ನಿಲ್ಲುವುದರಿಂದ ಶೇಖರಣೆಯೂ ಅನಿವಾರ್ಯ. ಇದಕ್ಕೆ ಬ್ಯಾಟರಿ ಒಂದು ಮಾರ್ಗ. ಹೆಚ್ಚುವರಿ ವಿದ್ಯುತ್ ಇದ್ದಾಗ ಕೆಳಗಿನ ಜಲಾಶಯದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಹರಿಸಿ ವಿದ್ಯುತ್ ಪಡೆಯುವುದು ಇನ್ನೊಂದು. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ಇಂತಹ 2,000 ಮೆಗಾವಾಟ್ ಸಾಮರ್ಥ್ಯದ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ ರೂಪಿಸಿದೆ. ಶರಾವತಿ ಕಣಿವೆಯು ಸಿಂಗಳೀಕಗಳ ನೆಲೆಯಾಗಿರುವುದರಿಂದ ಪರಿಸರ ಕಾರ್ಯಕರ್ತರೂ ಸ್ಥಳೀಯರೂ ಇದನ್ನು ವಿರೋಧಿಸಿದ್ದಾರೆ.

ನೀತಿ ಮತ್ತು ಆಡಳಿತ

ರಾಜ್ಯದಲ್ಲಿ ಈ ಕ್ಷೇತ್ರದ ಅಭಿವೃದ್ಧಿಗಾಗಿ 1996ರಲ್ಲಿ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತವನ್ನು (ಕ್ರೆಡಲ್) ಸ್ಥಾಪಿಸಲಾಯಿತು. 2014ರ ಸೌರ ನೀತಿಯ ನಂತರ 2022–27ರ ಅವಧಿಗೆ ಹೊಸ ನವೀಕರಿಸಬಹುದಾದ ಇಂಧನ ನೀತಿ ಜಾರಿಗೆ ಬಂದಿತು. ಪಳೆಯುಳಿಕೆ ಇಂಧನವನ್ನು ಅವಲಂಬಿಸದ 500 ಗಿಗಾವಾಟ್ ಸಾಮರ್ಥ್ಯವನ್ನು 2030ರೊಳಗೆ ಸಾಧಿಸುವ ಗುರಿಯನ್ನು ಭಾರತವು 2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಪ್ರಕಟಿಸಿತು.