ಮಕ್ಕಳು ಕುಳಿತ ಮರ

ಶತಮಾನೋತ್ಸವದ ಅಂಗವಾಗಿ ಹಳೆಯ ವಸ್ತುಗಳ ಪ್ರದರ್ಶನವೊಂದನ್ನು ಏರ್ಪಡಿಸಬೇಕೆಂದು ಸಮಿತಿಯು ನಿಶ್ಚಯಿಸಿದಾಗ, ಮರದ ಸಾಮಾನುಗಳನ್ನು ಕೂಡಿಸುವ ಹೊಣೆ ನಮ್ಮ ಪಾಲಿಗೆ ಬಂದಿತು. ಭಾವಚಿತ್ರಗಳೂ ಹಾಜರಿ ಪುಸ್ತಕಗಳೂ ತಮ್ಮ ಕಾಲವನ್ನು ತಾವೇ ಹೇಳುತ್ತವೆ. ಅವುಗಳ ಮೇಲೆ ತಾರೀಖು ಇರುತ್ತದೆ. ಮಕ್ಕಳು ಕುಳಿತ ಬೆಂಚಿಗೆ, ಮಲಗಿದ ತೊಟ್ಟಿಲಿಗೆ, ಬರೆದ ಹಲಗೆಗೆ ಅಂತಹ ಅನುಕೂಲವಿಲ್ಲ. ಅವುಗಳ ವಯಸ್ಸನ್ನು ಮರದಿಂದ, ಮೊಳೆಯಿಂದ, ಸವೆತದಿಂದ ಓದಿ ತಿಳಿಯಬೇಕಾಗುತ್ತದೆ.

ನಮ್ಮ ಶಾಲೆಯಲ್ಲಿ ಕಲಿತವರೆಲ್ಲರೂ ಕಚೇರಿಯ ಕೋಣೆಯಲ್ಲಿರುವ ಗಿಡ್ಡ ಬೆಂಚನ್ನು ಬಲ್ಲರು. ಶಾಲೆ ಆರಂಭವಾದ ದಿನ ಮೊದಲ ಮಕ್ಕಳು ಕುಳಿತದ್ದು ಅದರ ಮೇಲೆಯೇ ಎಂಬ ಮಾತು ಬಹುಕಾಲದಿಂದ ನಡೆದುಬಂದಿದೆ. ಪ್ರತಿವರ್ಷ ಸರಸ್ವತಿ ಪೂಜೆಯಂದು ಅದಕ್ಕೆ ಅರಿಸಿನ ಕುಂಕುಮವೇರಿಸಿ ಹೂ ಮುಡಿಸುತ್ತೇವೆ. ಪ್ರದರ್ಶನದ ನಡುಮಧ್ಯದಲ್ಲಿ ಅದನ್ನೇ ಇಡಬೇಕೆಂದು ಎಲ್ಲರೂ ಅಪೇಕ್ಷಿಸಿದ್ದರು. ಪರೀಕ್ಷೆಯನ್ನು ನಾವು ಆರಂಭಿಸಿದ್ದೂ ಅದರಿಂದಲೇ. ಅದರ ಫಲವನ್ನು ಮುಂದೆ ನಿವೇದಿಸುತ್ತೇವೆ.

ಅದಕ್ಕೆ ಮೊದಲು ಒಂದು ಸಂಗತಿಯನ್ನು ನೆನೆಯಬೇಕು. ಮಕ್ಕಳ ಪೀಠೋಪಕರಣ ಎಂದೊಡನೆ ಚಿಕ್ಕ ಕುರ್ಚಿ, ಚಿಕ್ಕ ಮೇಜು ಕಣ್ಣ ಮುಂದೆ ಬರುವುದು ಪಶ್ಚಿಮದ ದೇಶಗಳ ಅಭ್ಯಾಸ. 1922ರಲ್ಲಿ ತೆರೆಯಲಾದ ಈಜಿಪ್ಟಿನ ತುತಾಂಖಾಮನ್ ದೊರೆಯ ಸಮಾಧಿಯಲ್ಲಿಯೂ ಅವನು ಬಾಲಕನಾಗಿದ್ದಾಗ ಬಳಸಿರಬಹುದಾದ, ದಂತದ ಕೆತ್ತನೆ ಕೂರಿಸಿದ ಕರಿಮರದ ಪುಟ್ಟ ಕುರ್ಚಿಯೊಂದು ದೊರೆಯಿತು. ನಮ್ಮಲ್ಲಿ ಹಿರಿಯರೂ ಕಿರಿಯರೂ ನೆಲದ ಮೇಲೆ, ಚಾಪೆಯ ಮೇಲೆ, ಹೆಚ್ಚೆಂದರೆ ಮಣೆಯ ಮೇಲೆ ಕುಳಿತರು. ಆದ್ದರಿಂದ ಮಗುವಿಗೆಂದೇ ಬಡಗಿಯು ಮಾಡಿಕೊಡುತ್ತಿದ್ದ ಸಾಮಾನುಗಳು ಬೇರೆ: ತೊಟ್ಟಿಲು, ಹಿಡಿದು ನಡೆಯಲು ಕಲಿಯುವ ಮೂರು ಗಾಲಿಯ ಗಾಡಿ, ಸಣ್ಣ ಮಣೆ, ಮತ್ತು ಬರೆಯುವ ಹಲಗೆ.

ಈ ಹಲಗೆಗೆ ನಮ್ಮ ಸೀಮೆಯಲ್ಲಿ ಲಿಖಿತ ಸಾಕ್ಷ್ಯವೇ ಇದೆ. ಹಿಂದೆ ದತ್ತಮಂಡಲದ ಕಲೆಕ್ಟರನಾಗಿ ನಮ್ಮ ಹಿರಿಯರಿಗೆ ಪರಿಚಿತನಾಗಿದ್ದ ಥಾಮಸ್ ಮನ್ರೋ, ಮದರಾಸಿನ ಗವರ್ನರನಾದ ಮೇಲೆ 1822ರಲ್ಲಿ ಆಧಿಪತ್ಯದ ಶಾಲೆಗಳ ವಿವರ ಕೇಳಿದನು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದನು. ನಮ್ಮ ಆದವಾನಿ ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 9,27,857 ಜನಸಂಖ್ಯೆಯ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರೆಂದು ಅವನು ಲೆಕ್ಕ ಕೊಟ್ಟನು. ಅವುಗಳಲ್ಲಿ ಕನ್ನಡ ಶಾಲೆಗಳು 235, ತೆಲುಗು ಶಾಲೆಗಳು 226. ಹೆಣ್ಣುಮಕ್ಕಳು ಕೇವಲ 60 ಮಂದಿ ಎಂಬುದನ್ನೂ ಮರೆಯದೆ ಹೇಳಬೇಕು.

ಅದೇ ವರದಿಯಲ್ಲಿ ಮಕ್ಕಳು ಬರೆಯುವ ಸಾಧನಗಳ ವಿವರವಿದೆ. ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುವುದು. ಆಮೇಲೆ ಹಲಗೆ ಅಥವಾ ಕಡತ. ಹಲಗೆಯೆಂದರೆ ಸುಮಾರು 1 ಅಡಿ ಅಗಲ, 3 ಅಡಿ ಉದ್ದದ, ನಯವಾಗಿ ಕೀಸಿದ ಮರ. ಅನ್ನವನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಅದನ್ನು ಕಪ್ಪು ಮಾಡುತ್ತಿದ್ದರು. ಕಡತವೆಂದರೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳ ಲೇಪ ಕೊಟ್ಟ ಬಟ್ಟೆ. ಎರಡರ ಮೇಲೂ ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಕಲ್ಲಿನ ಪಾಟಿ ಬಂದು ಇವೆರಡನ್ನೂ ಓಡಿಸಿತು. ಕಡತ ಎಂಬ ಮಾತು ಮಾತ್ರ ಇಂದು ಸರಕಾರಿ ಕಚೇರಿಗಳಲ್ಲಿ ಉಳಿದಿದೆ.

ವರದಿಯ ಈ ಅಳತೆಯನ್ನು ಬರೆದುಕೊಂಡೇ ನಾವು ಮನೆಮನೆಗೆ ಹೋದೆವು. ಜನರು ಉದಾರವಾಗಿ ಅಟ್ಟದಿಂದ ಇಳಿಸಿ ತಂದು ತೋರಿಸಿದರು. ಆದರೆ ತಂದುದೆಲ್ಲವೂ ಮಕ್ಕಳದ್ದಾಗಿರಲಿಲ್ಲ. ಮೊದಲು ಎಡವಿದವರೂ ನಾವೇ. ಹತ್ತಿ ವ್ಯಾಪಾರದ ಮನೆತನವೊಂದರಲ್ಲಿ ಇಳಿಜಾರು ಮುಚ್ಚಳದ ಗಿಡ್ಡ ಡೆಸ್ಕೊಂದನ್ನು ಕಂಡು, ಹಳೆಯ ಕಾಲದ ಮಕ್ಕಳ ಮೇಜು ದೊರೆಯಿತೆಂದು ಹಿಗ್ಗಿದೆವು. ಒಳಗೆ ನಾಣ್ಯಗಳಿಗಾಗಿ ಸಣ್ಣ ಮನೆಗಳಿದ್ದವು, ಗಟ್ಟಿ ಬೀಗವಿತ್ತು. ನೆಲದ ಮೇಲೆ ಕುಳಿತು ಲೆಕ್ಕ ಬರೆಯುವ ಗುಮಾಸ್ತನ ಡೆಸ್ಕು ಅದು. ದೊಡ್ಡ ಪಟ್ಟಣಗಳ ಹಳೆಸಾಮಾನಿನ ಅಂಗಡಿಗಳಲ್ಲಿ ಇಂತಹವನ್ನು ಮಕ್ಕಳ ಮೇಜೆಂದು ಮಾರುವುದುಂಟು. ಗಿಡ್ಡವಾಗಿರುವುದೆಲ್ಲ ಮಗುವಿನದಲ್ಲ; ಎತ್ತರದೊಡನೆ ಅಗಲವೂ ಆಳವೂ ಕುಗ್ಗಿವೆಯೇ ಎಂದು ನೋಡಬೇಕು. ದೊಡ್ಡವರ ಕುರ್ಚಿಯ ಕಾಲು ಕೊಯ್ದು ಮಾಡಿದ ಮಕ್ಕಳ ಕುರ್ಚಿಯೂ ಹೀಗೆಯೇ ಸಿಕ್ಕಿಬೀಳುತ್ತದೆ. ಕೂರುವ ಹಲಗೆ ದೊಡ್ಡವರದ್ದು, ಕಾಲು ಮಾತ್ರ ಮೊಟಕು. ಕಾಲಿನ ತುದಿಯಲ್ಲಿ ಕೊಯ್ದ ಮರದ ಬಣ್ಣವೂ ಬೇರೆ.

ವಯಸ್ಸಿನ ಪರೀಕ್ಷೆಗೆ ನಮ್ಮ ಜೊತೆಗೆ ಬಂದವರು ಶಾಲೆಯ ಹಳೆಯ ವಿದ್ಯಾರ್ಥಿಯೇ ಆದ ಹಿರಿಯ ಬಡಗಿಯೊಬ್ಬರು. ಅವರು ಯಾವುದನ್ನೂ ಮುಂಭಾಗದಿಂದ ನೋಡಲಿಲ್ಲ. ಬೋರಲು ಹಾಕಿ ನೋಡಿದರು. ಮೇಲ್ಭಾಗವನ್ನು ಎಲ್ಲರೂ ಕೀಸುತ್ತಾರೆ, ಬಣ್ಣ ಬಳಿಯುತ್ತಾರೆ. ಅಡಿಭಾಗವನ್ನು ಕೇಳುವವರಿಲ್ಲವಾದ್ದರಿಂದ ನಿಜವು ಅಲ್ಲಿ ಉಳಿದಿರುತ್ತದೆ. ಕೈಗರಗಸದ ಗೆರೆಗಳು ನೇರವಾಗಿದ್ದರೂ ಒಂದಕ್ಕೊಂದು ಸಮವಾಗಿರುವುದಿಲ್ಲ. ಯಂತ್ರದ ಚಕ್ರಗರಗಸವು ಕಮಾನಿನಂತಹ ಗೆರೆ ಬಿಡುತ್ತದೆ. ಆದರೆ ಹಳ್ಳಿಗಳಲ್ಲಿ ಕೈಗರಗಸವು ಬಹುಕಾಲ ನಡೆಯಿತಾದ್ದರಿಂದ ಆ ಗೆರೆಯೊಂದನ್ನೇ ನಂಬಿ ಶತಮಾನ ನಿರ್ಣಯಿಸಲಾಗದು. ಅಡಿ ಅಂಗುಲಗಳ ಅಳತೆಯೂ ಸಾಕ್ಷಿಯಲ್ಲ. ನಮ್ಮ ಬಡಗಿಗಳು ಇಂದಿಗೂ ಅಂಗುಲದಲ್ಲಿಯೇ ಮಾತನಾಡುತ್ತಾರೆ.

ಮೊಳೆಗಳು ಹೆಚ್ಚು ನಂಬಿಕೆಗೆ ಅರ್ಹ. ಕಮ್ಮಾರನು ಬಡಿದು ಮಾಡಿದ ಮೊಳೆ ಚೌಕವಾಗಿರುತ್ತದೆ. ತಂತಿಯಿಂದ ಯಂತ್ರದಲ್ಲಿ ಮಾಡಿದ ದುಂಡು ಮೊಳೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಬಳಕೆಗೆ ಹರಡಿತು. ತಲೆಯ ಮೇಲೆ ಒಂದೇ ಗೀರುಳ್ಳ ಸ್ಕ್ರೂ ಹಳೆಯದೂ ಆಗಿರಬಹುದು, ಹೊಸದೂ ಆಗಿರಬಹುದು. ಆದರೆ ಕೂಡುಗುರುತಿನಂತೆ ಎರಡು ಗೀರುಗಳುಳ್ಳ ಸ್ಕ್ರೂ 1930ರ ದಶಕದಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು. ಅದಕ್ಕಿಂತ ಹಿಂದಿನ ಸಾಮಾನಿನಲ್ಲಿ ಅದು ಕಂಡರೆ ರಿಪೇರಿಯಲ್ಲಿ ಸೇರಿರಬೇಕು. ರಿಪೇರಿಯಾಗಿದ್ದರೆ ಪಕ್ಕದಲ್ಲಿ ಹಳೆಯ ರಂಧ್ರದ ಗುರುತು ಇರುತ್ತದೆ.

ಮರವು ಒಣಗುತ್ತ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಉದ್ದದಲ್ಲಿ ಕುಗ್ಗುವುದು ಅತ್ಯಲ್ಪ. ಆದ್ದರಿಂದ ಚರಕಿ ಹಿಡಿದ ದುಂಡು ಕಂಬವು ಬಹಳ ವರ್ಷಗಳಾದ ಮೇಲೆ ತುಸು ಮೊಟ್ಟೆಯಾಕಾರವಾಗುತ್ತದೆ. ಧಾರವಾಡದ ಕಡೆಯಿಂದ ಸೊಸೆಯಾಗಿ ಬಂದ ಅಜ್ಜಿಯೊಬ್ಬರ ತವರಿನ ಕಲಘಟಗಿ ತೊಟ್ಟಿಲಿನ ಕಂಬಗಳನ್ನು ಎರಡು ದಿಕ್ಕಿನಿಂದ ಅಳೆದಾಗ ಈ ವ್ಯತ್ಯಾಸ ಸ್ಪಷ್ಟವಾಗಿ ಕಂಡಿತು. ಅರಗಿನ ಬಣ್ಣ ಮಾತ್ರ ನೆನ್ನೆ ಬಳಿದಂತಿತ್ತು. ಅದರಲ್ಲಿ ಆ ಮನೆಯ ನಾಲ್ಕು ತಲೆಮಾರು ಮಲಗಿದೆ ಎಂದು ಅಜ್ಜಿ ಹೇಳಿದರು. ಪ್ರದರ್ಶನಕ್ಕೆ ಕೊಡಲು ಒಪ್ಪಲಿಲ್ಲ. ಮೊಮ್ಮಗಳ ಹೆರಿಗೆ ಹತ್ತಿರವಿತ್ತು.

ಸವೆತವನ್ನು ಓದುವುದು ಎಲ್ಲಕ್ಕಿಂತ ರುಚಿಕರವಾದ ಕೆಲಸ. ಮಕ್ಕಳು ಬೆಂಚಿನ ಅಡಿಯ ಅಡ್ಡಪಟ್ಟಿಯ ಮೇಲೆ ಕಾಲಿಡುತ್ತಾರೆ, ಮುಂದಿನ ಅಂಚಿಗೆ ಮೀನಖಂಡ ಉಜ್ಜುತ್ತಾರೆ, ಮಸಿಕುಡಿಕೆಯ ತೂತಿನ ಸುತ್ತ ಚೆಲ್ಲುತ್ತಾರೆ. ನಿಜವಾದ ಸವೆತಕ್ಕೆ ಕಾರಣವಿರುತ್ತದೆ. ಎಲ್ಲ ಅಂಚುಗಳೂ ಒಂದೇ ಸಮನೆ ನುಣುಪಾಗಿದ್ದರೆ ಅದು ಮರಳುಕಾಗದದ ಕೆಲಸವೆಂದು ಸಂಶಯಪಡಬೇಕು. ಬಂದ ಸಾಮಾನುಗಳನ್ನು ತೊಳೆದು ವಾರ್ನೀಷು ಹಚ್ಚಿ ತರಬೇಡಿರೆಂದು ನಾವು ಬೇಡಿಕೊಂಡದ್ದು ಇದಕ್ಕಾಗಿಯೇ. ಆದರೂ ಪ್ರೀತಿಯಿಂದ ಕೆಲವರು ಹಚ್ಚಿಯೇ ತಂದರು.

ಇನ್ನು ಕಚೇರಿಯ ಬೆಂಚಿನ ಮಾತು. ಬೋರಲು ಹಾಕಿದಾಗ ಅದರ ಕೂಡುಗಳಲ್ಲೆಲ್ಲ ಕಬ್ಬಿಣದ ಪಟ್ಟಿಗಳಿದ್ದವು, ಪಟ್ಟಿಗಳಿಗೆ ಎರಡು ಗೀರಿನ ಸ್ಕ್ರೂಗಳಿದ್ದವು. ಒಂದನ್ನು ಬಿಚ್ಚಿ ನೋಡಿದರೆ ಬೇರೆ ರಂಧ್ರದ ಗುರುತೇ ಇರಲಿಲ್ಲ. ಪಕ್ಕದ ಹಲಗೆಯ ಒಳಮೈಯಲ್ಲಿ, ಹಸಿರು ಬಣ್ಣದ ಕೆಳಗೆ, ಕರ್ನೂಲು ಜಿಲ್ಲಾ ಪರಿಷತ್ತಿನ ಗುರುತು ಮಸುಕಾಗಿ ಕಂಡಿತು. ಆಂಧ್ರಪ್ರದೇಶದಲ್ಲಿ ಜಿಲ್ಲಾ ಪರಿಷತ್ತುಗಳು ಏರ್ಪಟ್ಟದ್ದು 1959ರಲ್ಲಿ. ಶಾಲೆ ಆರಂಭವಾದ ದಿನದ ಬೆಂಚು ಇದಲ್ಲ. ಸುದ್ದಿ ತಿಳಿದ ಹಿರಿಯರಲ್ಲಿ ಕೆಲವರು ನೊಂದುಕೊಂಡರು. ಇದನ್ನು ಹೇಳದೆ ಬಿಟ್ಟಿದ್ದರೆ ಯಾರಿಗೆ ನಷ್ಟವಾಗುತ್ತಿತ್ತು ಎಂದು ಒಬ್ಬರು ಕೇಳಿದರು. ಪೂಜೆಯನ್ನು ನಿಲ್ಲಿಸಬೇಕೆಂದು ನಾವು ಹೇಳಿಲ್ಲ. ಚೀಟಿಯ ಮೇಲೆ ಸುಳ್ಳು ವರ್ಷ ಬರೆಯಲಾರೆವು ಎಂದಷ್ಟೇ ಹೇಳಿದೆವು. ಗಡಿಭಾಗದಲ್ಲಿ ಇರುವವರ ಮಾತನ್ನು ಪ್ರತಿಯೊಬ್ಬರೂ ಪರೀಕ್ಷಿಸಿಯೇ ನಂಬುತ್ತಾರೆ. ಒಂದು ವರ್ಷ ತಪ್ಪಾದರೆ 235 ಶಾಲೆಗಳ ಲೆಕ್ಕವನ್ನೂ ಸಂದೇಹಿಸಿಯಾರು.

ಇದೇ ವೇಳೆ, ಮಧ್ಯಾಹ್ನದ ಊಟದ ಅಕ್ಕಿಮೂಟೆಗಳ ಅಡಿಯಲ್ಲಿ ಇದ್ದ ಮತ್ತೊಂದು ಬೆಂಚನ್ನು ಬಡಗಿಯವರು ಹೊರಗೆ ಎಳೆಸಿದರು. ಒಂದು ಕಾಲಿಗೆ ಗೆದ್ದಲು ಹಿಡಿದಿತ್ತು. ಹಲಗೆ ಬೇವಿನದು, ಕಾಲುಗಳು ಜಾಲಿಯವು. ಮರದೊಳಗೆ ಮರ ಕೂಡಿಸಿ ಬೆಣೆ ಬಡಿದ ಸಂದುಗಳು, ಕಬ್ಬಿಣವೇ ಇಲ್ಲ. ಪಕ್ಕದಲ್ಲಿ ಕಾಸಿದ ಕಬ್ಬಿಣದಿಂದ ಒತ್ತಿದ ಇಂಗ್ಲಿಷಿನ ಡಿ. ಬಿ. ಎಂಬ ಎರಡು ಅಕ್ಷರಗಳೂ ಬಳ್ಳಾರಿ ಎಂಬ ಹೆಸರೂ ಇದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟವು. ಬಳ್ಳಾರಿಯ ಡಿಸ್ಟ್ರಿಕ್ಟ್ ಬೋರ್ಡು ನಮ್ಮ ಶಾಲೆಗೆ ಬೆಂಚು ಕಳುಹಿಸಿದ್ದು ಅದಕ್ಕೆ ಮುಂಚೆಯೇ ಆಗಿರಬೇಕು. ಹಲಗೆಯ ಸಂದಿನಲ್ಲಿ ಸಿಕ್ಕಿಕೊಂಡಿದ್ದ ಮಣ್ಣನ್ನು ಕಡ್ಡಿಯಿಂದ ಕೆದಕಿದಾಗ ತೂತಿನ ಕಾಸೊಂದು ಹೊರಬಂದಿತು. 1943ರಿಂದ 1947ರವರೆಗೆ ಟಂಕಿಸಿದ ನಾಣ್ಯವದು. ಅಂದು ಯಾವ ಮಗುವು ಅದನ್ನು ಕಳೆದುಕೊಂಡು ಅತ್ತಿತೋ, ಮನೆಯಲ್ಲಿ ಏನು ಉತ್ತರ ಹೇಳಿತೋ.

ಪ್ರದರ್ಶನದಲ್ಲಿ ಎರಡು ಬೆಂಚುಗಳೂ ಅಕ್ಕಪಕ್ಕದಲ್ಲಿರುತ್ತವೆ. ಒಂದರ ಚೀಟಿಯಲ್ಲಿ 1959ರ ನಂತರದ್ದು ಎಂದೂ, ಮತ್ತೊಂದರಲ್ಲಿ 1953ಕ್ಕೆ ಮುಂಚಿನದು ಎಂದೂ ಬರೆದಿದ್ದೇವೆ. ಕಾಸನ್ನು ಗಾಜಿನ ಡಬ್ಬಿಯಲ್ಲಿ ಇಟ್ಟಿದ್ದೇವೆ.

ಹಲಗೆಯ ಹುಡುಕಾಟ ಕೊನೆಯವರೆಗೂ ನಡೆಯಿತು. ಅಂತಿಮವಾಗಿ ಸಮೀಪದ ಹಳ್ಳಿಯ ರೈತರೊಬ್ಬರ ಮನೆಯಲ್ಲಿ ಜೋಳದ ವಾಡೆಯ ಮೇಲೆ ಮುಚ್ಚಿದ್ದ ಮರವೊಂದು ಕಣ್ಣಿಗೆ ಬಿದ್ದಿತು. ಅಳೆದೆವು: ಅಗಲ 1 ಅಡಿಗೆ ತುಸು ಕಡಿಮೆ, ಉದ್ದ 3 ಅಡಿ. ಒಂದು ಮಗ್ಗುಲು ಹಾಗೆಯೇ ಇತ್ತು, ಇನ್ನೊಂದು ಮಗ್ಗುಲು ಕಪ್ಪಾಗಿತ್ತು. ಒಲೆಯ ಹೊಗೆಯ ಕಪ್ಪೋ ಇದ್ದಿಲಿನ ಕಪ್ಪೋ ಎಂದು ನಾವು ಚರ್ಚಿಸುತ್ತಿರುವಾಗ ಆ ಮನೆಯ ಯಜಮಾನರು, ತಮ್ಮ ಮುತ್ತಜ್ಜ ಅದರ ಮೇಲೆ ಓಂಕಾರ ತಿದ್ದಿದ್ದರೆಂದು ಮನೆಯಲ್ಲಿ ಹೇಳುತ್ತಿದ್ದರು, ಬೇಕಾದರೆ ಒಯ್ಯಿರಿ, ಆದರೆ ವಾಡೆಗೆ ಬೇರೆ ಮುಚ್ಚಳ ಮಾಡಿಸಿಕೊಡಿರಿ ಎಂದರು. ಬಡಗಿಯವರು ಮರುದಿನವೇ ಮಾಡಿಕೊಟ್ಟರು.