ಹಾಡಿ ಅಳಿಸುವ ಕಥೆ

ದುಃಖದಲ್ಲಿ ಮುಗಿಯುವ ಪ್ರಣಯಕಥೆಯನ್ನು, ಅದು ಹಾಗೆಯೇ ಮುಗಿಯುವುದೆಂದು ತಿಳಿದಿದ್ದೂ ಜನ ಮತ್ತೆ ಮತ್ತೆ ಹಣ ತೆತ್ತು ನೋಡುವುದೇಕೆ? ಸಂಸ್ಕೃತ ನಾಟಕಪರಂಪರೆ ಇಂಥ ಮುಕ್ತಾಯವನ್ನು ಒಪ್ಪಲಿಲ್ಲ. ಕರುಣರಸದ ಕವಿ ಭವಭೂತಿಯೂ ‘ಉತ್ತರರಾಮಚರಿತ’ದ ಕೊನೆಯಲ್ಲಿ ಸೀತಾರಾಮರನ್ನು ಕೂಡಿಸಿಬಿಟ್ಟ. ಕನ್ನಡದಲ್ಲಿ ಮಾತ್ರ ದುರಂತಪ್ರಣಯಕ್ಕೆ ಹಾಡಿನ ನಂಟು ಹಳೆಯದು. ಜನ್ನನ ‘ಯಶೋಧರಚರಿತೆ’ಯಲ್ಲಿ ಅಮೃತಮತಿಯ ಪತನ ಮೊದಲಾಗುವುದು ಇರುಳಿನಲ್ಲಿ ಕೇಳಿಬಂದ ಮಾವುತನ ಗಾನದಿಂದ. ‘ಕೆರೆಗೆ ಹಾರ’ದಲ್ಲಿ ಭಾಗೀರಥಿ ಬಲಿಯಾದ ಮೇಲೆ ಗಂಡನೂ ಅದೇ ಕೆರೆಗೆ ಹಾರುತ್ತಾನೆ, ಆ ಕಥೆ ಉಳಿದದ್ದೇ ಹಾಡಾಗಿ. ಮಳವಳ್ಳಿ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆಯನ್ನು ಇರುಳೆಲ್ಲ ಹಾಡುವುದನ್ನು ನೀವೂ ಕೇಳಿರಬಹುದು. ಕಥೆಯನ್ನು ಹಾಡಿನಲ್ಲಿ ಕೇಳುವ ಕಿವಿ ಇಲ್ಲಿ ಮೊದಲೇ ಸಿದ್ಧವಾಗಿತ್ತು.

ಅಂಥ ಕಿವಿಗೆ 1972ರ ಡಿಸೆಂಬರಿನಲ್ಲಿ ‘ನಾಗರಹಾವು’ ಬಂತು. ಚಿತ್ರದುರ್ಗದ ಹಿನ್ನೆಲೆಯಲ್ಲಿ ತ.ರಾ.ಸು. ಬರೆದ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಚಿತ್ರ; ಸಂಗೀತ ವಿಜಯಭಾಸ್ಕರ್ ಅವರದು. ರಾಮಾಚಾರಿಯಾಗಿ ವಿಷ್ಣುವರ್ಧನ್ ನಾಯಕರಾದ ಈ ಚಿತ್ರದಲ್ಲಿಯೇ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಷ್ ತೆರೆಗೆ ಬಂದರು. ಅವರದು ನಾಯಕಿಯನ್ನು ಪೀಡಿಸುವ ಜಲೀಲನ ಪುಟ್ಟ ಪಾತ್ರ. ಮುಂದೆ ಅವರು ‘ಮಂಡ್ಯದ ಗಂಡು’ ಎನಿಸಿದರು. 2018ರ ನವೆಂಬರಿನಲ್ಲಿ ತೀರಿಕೊಂಡಾಗ ಪಾರ್ಥಿವ ಶರೀರವನ್ನು ಮಂಡ್ಯಕ್ಕೆ ತಂದು ಜನರ ದರ್ಶನಕ್ಕಿರಿಸಿದರು. ಈ ಭಾಗದವರಿಗೆ ಆ ಚಿತ್ರ ಮನೆಯ ಮಾತಾದುದಕ್ಕೆ ಇದೂ ಒಂದು ಕಾರಣವಿದ್ದೀತು. ಆದರೆ ಅದರ ಆಕರ್ಷಣೆಯ ಮೂಲ ಬೇರೆಡೆಗಿದೆ.

ಇಲ್ಲಿ ದುರಂತವನ್ನು ತರುವವನು ಖಳನಲ್ಲ. ಜಲೀಲನನ್ನು ರಾಮಾಚಾರಿ ಹೊಡೆದು ಹಿಮ್ಮೆಟ್ಟಿಸಬಲ್ಲ. ಚಾಮಯ್ಯ ಮೇಷ್ಟ್ರಿಗೆ ಎದುರಾಡಲಾರ. ಊರು ಪೋಲಿಯೆಂದು ತಳ್ಳಿದ ಹುಡುಗನನ್ನು ಮಗನಂತೆ ಕಂಡವರು ಅವರು. ಆ ಪ್ರೀತಿಯ ಋಣದ ಮೇಲೆಯೇ, ಜಾತಿಯ ಕಟ್ಟುಪಾಡಿಗಾಗಿ, ಅಲಮೇಲುವನ್ನು ಬಿಟ್ಟುಕೊಡೆಂದು ಕೇಳುತ್ತಾರೆ. ಅವನು ಬಿಟ್ಟುಕೊಡುತ್ತಾನೆ. ಮದುವೆಯಾಗಿ ಹೋದ ಅವಳನ್ನು ಕಟ್ಟಿಕೊಂಡ ಗಂಡನೇ ದೇಹ ಮಾರುವ ಬಾಳಿಗೆ ತಳ್ಳುತ್ತಾನೆ. ಮುಂದೆ ಕ್ರೈಸ್ತ ಹುಡುಗಿ ಮಾರ್ಗರೇಟಳನ್ನೂ ತೊರೆಯಬೇಕೆಂದಾಗ ಶಿಷ್ಯ ಮಣಿಯುವುದಿಲ್ಲ. ಬೆಟ್ಟದ ಮೇಲೆ ಅವನ ಕೈಯಿಂದಲೇ ಗುರು ಉರುಳಿಬೀಳುತ್ತಾರೆ. ಪ್ರೇಮಿಗಳಿಬ್ಬರೂ ಅದೇ ಬೆಟ್ಟದಿಂದ ಹಾರುತ್ತಾರೆ.

ಇಂಥ ಕಥೆಯಲ್ಲಿ ಹಾಡಿನ ಕೆಲಸವೇನು? ಕಥೆ ಕಸಿದುಕೊಳ್ಳಲಿರುವುದನ್ನು ಹಾಡು ಮೊದಲು ನಮ್ಮ ಕೈಗೆ ಕೊಡುತ್ತದೆ. ರಾಮಾಚಾರಿ ಅಲಮೇಲುವನ್ನು ಕರೆಯುವ ಹಾಡನ್ನು ಪುಟ್ಟಣ್ಣನವರು ನಿಧಾನಗತಿಯಲ್ಲಿ ಚಿತ್ರಿಸಿದರು. ಅಷ್ಟು ಹೊತ್ತು ಅಲ್ಲಿ ಜಾತಿಯಿಲ್ಲ, ಗುರುವಿನ ಅಪ್ಪಣೆಯಿಲ್ಲ, ಊರಿನ ಬಾಯಿಯಿಲ್ಲ. ಆ ಸುಖವನ್ನು ಪ್ರೇಕ್ಷಕನೂ ಉಂಡಿರುವುದರಿಂದಲೇ ನಷ್ಟ ಅವನದೂ ಆಗುತ್ತದೆ. ಚಿತ್ರಮಂದಿರದಿಂದ ಮನೆಗೆ ಬಂದ ಮೇಲೂ ರೇಡಿಯೋದಲ್ಲಿ ಅದೇ ಹಾಡು ಕೇಳಿದಾಗ, ಇನ್ನೂ ಏನೂ ಕೆಟ್ಟಿಲ್ಲವೆಂಬ ಆ ಗಳಿಗೆ ಮರಳಿ ಬರುತ್ತದೆ. ಜನ ಮತ್ತೆ ಮತ್ತೆ ಹೋಗಿದ್ದು ಅಳುವುದಕ್ಕಷ್ಟೇ ಅಲ್ಲ, ಆ ಗಳಿಗೆಗಾಗಿ.

ಬಾಳಿನ ಬಹುಭಾಗವನ್ನು ತರಗತಿಯಲ್ಲಿ ಕಳೆದ ನನಗೆ ಈ ಚಿತ್ರದಲ್ಲಿ ಹೆಚ್ಚು ಕಾಡುವವರು ಪ್ರೇಮಿಗಳಲ್ಲ, ಚಾಮಯ್ಯನವರು. ಅವರಲ್ಲಿ ಕಪಟವಿಲ್ಲ, ಸ್ವಾರ್ಥವಿಲ್ಲ. ಶಿಷ್ಯನ ಒಳಿತನ್ನೇ ಬಯಸಿ ಎರಡು ಬಾರಿಯೂ ಅವನ ಬಾಳಿಗೆ ಅಡ್ಡ ನಿಂತರು. ಮಕ್ಕಳ ಮೇಲಿನ ಅಕ್ಕರೆಯನ್ನೂ ಜಾತಿಯ ಮೇಲಿನ ನಿಷ್ಠೆಯನ್ನೂ ಒಂದೇ ಎಂದು ತಿಳಿದ ಹಿರಿಯರು ನಮ್ಮ ಊರುಗಳಲ್ಲಿ ಇಂದಿಗೂ ಇದ್ದಾರೆ. ಅವರೂ ಆ ಹಾಡನ್ನು ಮೆಚ್ಚಿ ಕೇಳುತ್ತಾರೆ.