ಮಾರಿಕಣಿವೆಯ ಕೋಡಿ, ‘ಕಾವೇರಿ’ಯ ತಡೆ

ವಿದ್ಯಾರ್ಥಿಗಳೇ, ಹಿರಿಯೂರಿನ ಬಳಿ ವೇದಾವತಿ ನದಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಜಲಾಶಯವನ್ನು ನೀವು ಬಲ್ಲಿರಿ. 1933ರ ನಂತರ ಅದು ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಆಮೇಲೆ 2025ರ ಜನವರಿಯಲ್ಲಿ. ಕೋಡಿ ಹರಿದರೆ ಕಟ್ಟೆ ಒಡೆಯಿತೆಂದು ಯಾರೂ ಹೇಳುವುದಿಲ್ಲ. ಒಳಹರಿವು ಎಷ್ಟು, ಎಲ್ಲಿಂದ ಬಂತು ಎಂದು ಕೇಳುತ್ತಾರೆ.

ಅದೇ ಜನವರಿಯಲ್ಲಿ ಇಂಥದೇ ಪ್ರಶ್ನೆ ಬೇರೊಂದು ಕಡೆ ಎದ್ದಿತು. ರಾಜ್ಯದ ಉಪನೋಂದಣಿ ಕಚೇರಿಗಳು ಆಸ್ತಿ ನೋಂದಣಿಗೆ ಬಳಸುವ ‘ಕಾವೇರಿ 2.0’ ತಂತ್ರಾಂಶ ತಡವರಿಸತೊಡಗಿತು. ಕ್ರಯಪತ್ರ ಹಿಡಿದು ಬಂದ ಜನ ಕಾಯುತ್ತ ಕುಳಿತರು.

ದತ್ತಾಂಶ ವ್ಯವಸ್ಥೆ ಪೂರ್ತಿ ನಿಂತರೆ ಅದು ‘ಕ್ರ್ಯಾಷ್’. ನಿಂತಿಲ್ಲ, ಉತ್ತರವೂ ಇಲ್ಲವೆಂದರೆ ‘ಹ್ಯಾಂಗ್’. ಎರಡು ಕೆಲಸಗಳು ಒಂದನ್ನೊಂದು ಕಾಯುತ್ತ ಸಿಕ್ಕಿಕೊಂಡರೂ, ಕೋರಿಕೆಗಳ ಪ್ರವಾಹ ಬಂದರೂ ಹೊರಗಿನಿಂದ ಕಾಣುವ ಲಕ್ಷಣ ಒಂದೇ. ವ್ಯತ್ಯಾಸ ತಿಳಿಯಬೇಕಾದರೆ ಯಂತ್ರ ತಾನೇ ಕ್ಷಣಕ್ಷಣಕ್ಕೂ ಬರೆದಿಡುವ ದಿನಚರಿಯನ್ನು, ಅಂದರೆ ‘ಲಾಗ್’ ಅನ್ನು, ಓದಬೇಕು.

ಇಲ್ಲಿ ಪರಿಶೀಲನೆ ನಡೆದಾಗ ದೋಷ ಹೊರಗಿನಿಂದ ಬಂದದ್ದು ಎಂದು ತಿಳಿಯಿತು. ನಕಲಿ ಖಾತೆಗಳಿಂದ ಋಣಭಾರ ಪತ್ರದ ಹುಡುಕಾಟಗಳು ಸುರಿದಿದ್ದವು. 62 ಖಾತೆಗಳಿಂದ ಎರಡು ಗಂಟೆಯಲ್ಲಿ 6.2 ಲಕ್ಷ ಕೋರಿಕೆಗಳು ಬಂದವೆಂದು ವರದಿಯಾಯಿತು. ಸೈಬರ್ ಅಪರಾಧ ಪೊಲೀಸರಲ್ಲಿ ಪ್ರಕರಣ ದಾಖಲಾಯಿತು.

ಯಂತ್ರವನ್ನು ಆರಿಸಿ ಮತ್ತೆ ಹಚ್ಚುವುದು ಸುಲಭ. ಆದರೆ ಪ್ರವಾಹದ ಮೂಲ ಹುಡುಕದಿದ್ದರೆ ಮರುದಿನವೂ ಕೆಲಸ ನಿಲ್ಲುತ್ತದೆ, ಮರುದಿನವೂ ರೈತ ಬರಿಗೈಯಲ್ಲಿ ಊರಿಗೆ ಮರಳುತ್ತಾನೆ. ಆದುದರಿಂದ ಮೊದಲು ಒಳಹರಿವನ್ನು ಅಳೆಯಿರಿ, ಅನಂತರ ಯಂತ್ರವನ್ನು ದೂರಿ.